ಇನಿಷಿಯಲ್ ಬಿಡಿಸಿದರೆ ಮನೆತನ

ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಮಾರತ್ತಹಳ್ಳಿ ಸೇತುವೆಯ ಬಳಿ ಕ್ಯಾಬ್‌ಗೆ ಕಾಯುವವರ ಕೊರಳಿನ ಗುರುತಿನ ಚೀಟಿಗಳನ್ನು ಓದುತ್ತ ಹೋದರೆ ಅರ್ಧ ಭಾರತದ ಅಡ್ಡಹೆಸರುಗಳು ಸಿಗುತ್ತವೆ. ಮಿಶ್ರಾ, ಬ್ಯಾನರ್ಜಿ, ನಾಯರ್, ರೆಡ್ಡಿ, ಪಾಟೀಲ, ಶೆಟ್ಟಿ, ಡಿಸೋಜ. ಇವರ ನಡುವೆ ನಮ್ಮ ಕೋಲಾರ, ತುಮಕೂರು, ಮಂಡ್ಯ ಕಡೆಯ ಮಕ್ಕಳೂ ಇರುತ್ತಾರೆ: ಹರೀಶ್ ಮುನಿಯಪ್ಪ, ಸೌಮ್ಯ ರಂಗಸ್ವಾಮಿ, ಇಲ್ಲವೇ ಬರೀ ಕಿರಣ್ ಕೆ. ಮಿಶ್ರಾ, ಪಾಟೀಲ ಎಂಬವು ತಲೆಮಾರುಗಳಿಂದ ಮನೆತನಕ್ಕೆ ಅಂಟಿ ಬಂದ ಹೆಸರುಗಳು. ಮುನಿಯಪ್ಪ, ರಂಗಸ್ವಾಮಿ ಎಂಬವು ಅಪ್ಪಂದಿರ ಹೆಸರುಗಳು. ಅರ್ಜಿಯ ‘ಲಾಸ್ಟ್ ನೇಮ್’ ಕಾಲಂ ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದಕ್ಕೆ ಹೋಗುವುದಿಲ್ಲ, ಹಾಗಾಗಿ ಅಪ್ಪನ ಹೆಸರು ಅಲ್ಲಿ ಬಂದು ಕೂತಿದೆ.

ಹಳೇ ಮೈಸೂರು ಸೀಮೆಯ ಬಹುಪಾಲು ಜನರಿಗೆ ಅಡ್ಡಹೆಸರಿಲ್ಲ ಎಂಬುದು ನಿಜ. ಅದರಿಂದ ಮನೆತನದ ಚರಿತ್ರೆಯೂ ಇಲ್ಲ ಎಂದು ತಿಳಿಯುವುದು ತಪ್ಪು. ಇಲ್ಲಿನವರು ಅದನ್ನು ಇಟ್ಟುಕೊಂಡ ಜಾಗಗಳೇ ಬೇರೆ: ಹೆಸರಿನ ಮುಂದೆ ಊರನ್ನೂ ಅಪ್ಪನನ್ನೂ ಸೂಚಿಸುವ ಇನಿಷಿಯಲ್‌ನ ಎರಡಕ್ಷರ, ಪಹಣಿ, ಮನೆದೇವರು, ಮದುವೆ ಮಾತುಕತೆಗೆ ಕೂತಾಗ ಹಿರಿಯರು ಕೇಳುವ ಬೆಡಗು ಎಂಬ ವಂಶದ ಗುರುತು. ಈಗ ಆಗುತ್ತಿರುವುದು ಏನೆಂದರೆ, ಒಂದು ತಲೆಮಾರಿನ ಅಪ್ಪನ ಹೆಸರು ಅರ್ಜಿಯ ದೆಸೆಯಿಂದ ಮುಂದಿನ ತಲೆಮಾರುಗಳ ಖಾಯಂ ಅಡ್ಡಹೆಸರಾಗುತ್ತಿದೆ, ಅದಕ್ಕಿಂತ ಹಿಂದಿನದೆಲ್ಲ ಸದ್ದಿಲ್ಲದೆ ಬಿಟ್ಟುಹೋಗುತ್ತಿದೆ.

ಮೊದಲು ಪಹಣಿಯನ್ನೇ ತೆಗೆದುಕೊಳ್ಳೋಣ. ಮಾರತ್ತಹಳ್ಳಿ, ಮುನ್ನೇಕೊಳಾಲು, ಕುಂದಲಹಳ್ಳಿ, ದೊಡ್ಡನೆಕ್ಕುಂದಿ, ಪಣತ್ತೂರು, ಬೆಳ್ಳಂದೂರು, ವರ್ತೂರು, ಇವೆಲ್ಲ ಕೆರೆ, ರಾಗಿ ಹೊಲ, ತರಕಾರಿ ತೋಟಗಳಿದ್ದ ಊರುಗಳು. ಇಂದು ಅಪಾರ್ಟ್‌ಮೆಂಟು ನಿಂತಿರುವ ಸರ್ವೆ ನಂಬರಿನ ಹಳೆಯ ಪಹಣಿ ತೆಗೆಸಿ 9ನೇ ಕಾಲಂ ನೋಡಿದರೆ ಅಲ್ಲಿ ಸಿಗುವ ಬರವಣಿಗೆ ಹೀಗಿರುತ್ತದೆ: ‘ಮುನಿಶಾಮಪ್ಪ ಬಿನ್ ಲೇಟ್ ದೊಡ್ಡಮುನಿಯಪ್ಪ’. ಪಕ್ಕದ ತುಂಡಿಗೆ ‘ಯಲ್ಲಮ್ಮ ಕೋಂ ಪಿಳ್ಳಪ್ಪ’. ಇನ್ನೊಂದಕ್ಕೆ ‘ಪಾಪಣ್ಣ ಉರುಫ್ ಚಿಕ್ಕಪಾಪಯ್ಯ’. ಗಂಡಸಾದರೆ ‘ಬಿನ್’ ಹಾಕಿ ಅಪ್ಪನ ಹೆಸರು, ಮದುವೆಯಾದ ಹೆಂಗಸಾದರೆ ‘ಕೋಂ’ ಹಾಕಿ ಗಂಡನ ಹೆಸರು, ಮನೆಯಲ್ಲಿ ಕರೆಯುವ ಹೆಸರು ಬೇರೆಯಿದ್ದರೆ ‘ಉರುಫ್’. ಶಾನುಭೋಗರು ಬರೆದಿಟ್ಟ ಈ ಮೂರು ಪದಗಳೇ ನಮ್ಮ ಭಾಗದಲ್ಲಿ ಅಡ್ಡಹೆಸರಿನ ಕೆಲಸ ಮಾಡಿವೆ. ಐಸ್‌ಲ್ಯಾಂಡಿನ ಜನ ಇಂದಿಗೂ ಅಪ್ಪನ ಹೆಸರಿಗೆ ‘ಸೊನ್’ ಅಥವಾ ‘ದೊಟ್ಟಿರ್’ ಸೇರಿಸಿ ಮಗ, ಮಗಳು ಎಂದು ಗುರುತಿಸಿಕೊಳ್ಳುತ್ತಾರೆ. ಅಲ್ಲಿ ಒಂದೇ ಮನೆಯ ಅಣ್ಣ ತಂಗಿಯರ ಕೊನೆಯ ಹೆಸರು ಬೇರೆ ಬೇರೆ, ಅಪ್ಪನದು ಇನ್ನೂ ಬೇರೆ. ನಮ್ಮ ‘ಬಿನ್’ ಪದ್ಧತಿಯೂ ಅದೇ ಜಾತಿಯದು. ಅದು ಹಿಂದುಳಿದವರ ಕ್ರಮವಲ್ಲ.

ಈ ಹೆಸರುಗಳಲ್ಲಿ ‘ಮುನಿ’ ಎಷ್ಟು ಸಲ ಬರುತ್ತದೆ ನೋಡಿ. ಮುನಿಯಪ್ಪ, ಮುನಿಶಾಮಿ, ಮುನಿರೆಡ್ಡಿ, ಮುನಿವೆಂಕಟಪ್ಪ, ಮುನಿಯಮ್ಮ, ಮುನಿರತ್ನ. ಬೆಂಗಳೂರಿನ ಪೂರ್ವಕ್ಕೂ ಅಲ್ಲಿಂದ ಕೋಲಾರದವರೆಗೂ ಊರೂರಿಗೆ ಮುನೇಶ್ವರನ ಗುಡಿಯಿದೆ. ಹರಕೆ ಹೊತ್ತು ಹುಟ್ಟಿದ ಮಕ್ಕಳಿಗೆಲ್ಲ ಅವನ ಹೆಸರೇ. ರೆಡ್ಡಿ, ಒಕ್ಕಲಿಗ, ತಿಗಳ, ಕುರುಬ, ದಲಿತ ಎನ್ನದೆ ಎಲ್ಲರ ಮನೆಯಲ್ಲೂ ಮುನಿಯಪ್ಪ ಇದ್ದಾನೆ. ಹಿರಿಮೊಮ್ಮಗನಿಗೆ ತಾತನ ಹೆಸರಿಡುವ ರೂಢಿ ಇದ್ದುದರಿಂದ ಒಂದೇ ವಂಶದಲ್ಲಿ ದೊಡ್ಡಮುನಿಯಪ್ಪ, ಚಿಕ್ಕಮುನಿಯಪ್ಪ, ಮತ್ತೆ ಮುನಿಯಪ್ಪ ಎಂದು ಹೆಸರು ಸುತ್ತಿ ಸುತ್ತಿ ಬರುತ್ತದೆ. ಈ ಮುನಿಯಪ್ಪ ಯಾರ ಮನೆಯವನು ಎಂಬುದು ತಿಳಿಯಬೇಕಾದರೆ ಊರಿನವರು ಬಾವಿ ಮನೆ, ಪಟೇಲರ ಮನೆ, ಮೂಲೆ ಮನೆ ಎಂದು ಮನೆಯಿಂದ ಗುರುತು ಹೇಳುತ್ತಿದ್ದರು.

ಜಾತಿ ಆ ಹೆಸರುಗಳಲ್ಲಿ ಕಾಣಿಸುತ್ತಿರಲಿಲ್ಲವೇ ಎಂದರೆ, ಖಂಡಿತ ಕಾಣಿಸುತ್ತಿತ್ತು. ಹೆಸರಿನ ಕೊನೆಯಲ್ಲಿ. ಉಳ್ಳವರ ಹೆಸರಿಗೆ ಅಪ್ಪ, ಅಯ್ಯ, ಗೌಡ, ರೆಡ್ಡಿ ಸೇರಿ ಮರ್ಯಾದೆ ಸಿಗುತ್ತಿತ್ತು. ಅದೇ ದೇವರ ಹೆಸರಿಟ್ಟುಕೊಂಡ ಹೊಲೆಮಾದಿಗರ ಕೇರಿಯ ಮನುಷ್ಯ ಹಳೆಯ ಕಡತಗಳಲ್ಲಿ ಬರೀ ‘ಮುನಿಗ’, ಬರೀ ‘ಮಾರ’. ಅವನ ಮಗನೋ ಮೊಮ್ಮಗನೋ ಶಾಲೆಗೆ ಸೇರಿದಾಗ ರಿಜಿಸ್ಟರಿನಲ್ಲಿ ‘ಮಾರಪ್ಪ’ ಎಂದಾಯಿತು, ಆಮೇಲೆ ‘ಮಾರಯ್ಯ’ ಎಂದಾಯಿತು. ಎರಡು ಅಕ್ಷರ ಸೇರಲು ಒಂದೊಂದು ಸಂಸಾರಕ್ಕೆ ಎರಡು ತಲೆಮಾರು ಹಿಡಿದಿದೆ. ಸಮಾಜಶಾಸ್ತ್ರದ ದಪ್ಪ ಪುಸ್ತಕದಲ್ಲಿ ಸಿಗದ ಏರಿಕೆ ಆ ಎರಡು ಅಕ್ಷರಗಳಲ್ಲಿ ಇದೆ ಎಂದು ನನಗೆ ಅನಿಸುತ್ತದೆ.

ಜಮೀನಿನ ಬೆಲೆ ಚದರಡಿ ಲೆಕ್ಕಕ್ಕೆ ಬಂದ ಮೇಲೆ ಈ ಊರುಗಳಲ್ಲಿ ಇನ್ನೊಂದು ಕಾಗದಕ್ಕೆ ಭಾರೀ ತೂಕ ಬಂತು. ಅದು ವಂಶವೃಕ್ಷ. ಜಾಗ ಕೊಳ್ಳುವ ಬಿಲ್ಡರಿನ ವಕೀಲ ಮೊದಲು ಕೇಳುವುದೇ ಅದನ್ನು. ಮೂಲಪುರುಷ ಯಾರು, ಅವನಿಗೆ ಎಷ್ಟು ಹೆಂಡಿರು, ಮೊದಲ ಹೆಂಡತಿಯ ಮಕ್ಕಳು ಯಾರು, ಎರಡನೆಯವಳ ಮಕ್ಕಳು ಯಾರು, ಮಕ್ಕಳಿಲ್ಲದೆ ತೀರಿಕೊಂಡವರು ಯಾರು, ಎಲ್ಲವೂ ಅಫಿಡವಿಟ್ಟಿನ ಮೇಲೆ ಬರಬೇಕು. ಹಿಂದೆಲ್ಲ ಈ ಮರದಲ್ಲಿ ಹೆಣ್ಣುಮಕ್ಕಳ ಕೊಂಬೆಯೇ ಇರುತ್ತಿರಲಿಲ್ಲ. ಕರ್ನಾಟಕ 1994ರಿಂದ ಜಾರಿಗೆ ತಂದ ತಿದ್ದುಪಡಿ, ಆಮೇಲೆ ಕೇಂದ್ರದ 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ, ಅದರ ಮೇಲೆ ಸುಪ್ರೀಂ ಕೋರ್ಟು 2020ರಲ್ಲಿ ಕೊಟ್ಟ ತೀರ್ಪು, ಇವು ಮಗಳಿಗೂ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಪಾಲು ಎಂದವು. ಈಗ ಮದುವೆಯಾಗಿ ಮಾಲೂರಿಗೋ ಹೊಸಕೋಟೆಗೋ ಹೋದ ಅತ್ತೆಯರ, ಅಕ್ಕಂದಿರ ಹೆಸರಿಲ್ಲದ ವಂಶವೃಕ್ಷವನ್ನು ವಕೀಲರು ಒಪ್ಪುವುದಿಲ್ಲ. ಹಣಕ್ಕಾಗಿಯೇ ಆಗಿರಲಿ, ಮರೆತುಹೋಗಿದ್ದ ಹೆಣ್ಣುಮಕ್ಕಳ ಹೆಸರುಗಳು ಕಾಗದದ ಮೇಲೆ ಬಂದಿವೆ. ಇದು ಸಣ್ಣ ಸಂಗತಿಯಲ್ಲ.

ಇನ್ನು ಉತ್ತರ ಕರ್ನಾಟಕದ ಕಡೆ ತಿರುಗಿದರೆ ಚಿತ್ರವೇ ಬೇರೆ. ಮಾರತ್ತಹಳ್ಳಿಯ ಪಿ.ಜಿ.ಗಳಲ್ಲಿ ಇರುವ ಹುಬ್ಬಳ್ಳಿ, ಬಾಗಲಕೋಟೆ, ವಿಜಯಪುರದ ಹುಡುಗರಿಗೆ ಅಡ್ಡಹೆಸರಿನ ಬಡತನವಿಲ್ಲ. ಪಾಟೀಲ, ಕುಲಕರ್ಣಿ, ದೇಸಾಯಿ, ದೇಶಪಾಂಡೆ, ನಾಡಗೌಡ, ತಳವಾರ, ವಾಲೀಕಾರ ಎಂಬವು ಊರಾಳಿಕೆಯ ಹುದ್ದೆಗಳು. ಬಡಿಗೇರ, ಪತ್ತಾರ, ಕುಂಬಾರ, ಗಾಣಿಗೇರ, ಹೂಗಾರ, ಹಡಪದ ಎಂಬವು ಕಸುಬುಗಳು. ಬೆಲ್ಲದ, ಮೆಣಸಿನಕಾಯಿ, ಉಳ್ಳಾಗಡ್ಡಿ, ಅಂಗಡಿ ಎಂಬವು ಮನೆಯವರು ಮಾರಿದ ಸರಕನ್ನೋ ಹಿರಿಯರೊಬ್ಬರಿಗೆ ಊರಿಟ್ಟ ಕರೆಹೆಸರನ್ನೋ ಹೇಳುತ್ತವೆ. ಅದೇ ಹುದ್ದೆ, ಅದೇ ಕಸುಬು ಮೈಸೂರು ಸೀಮೆಯಲ್ಲೂ ಇದ್ದವು. ಪಟೇಲರಿದ್ದರು, ಶಾನುಭೋಗರಿದ್ದರು, ತೋಟಿ ತಳವಾರರಿದ್ದರು, ವರ್ತೂರು ಬೆಳ್ಳಂದೂರಿನಂಥ ಕೆರೆಗಳಿಗೆ ತೂಬು ಎತ್ತಿ ಗದ್ದೆಗೆ ನೀರು ಹಂಚುವ ನೀರುಗಂಟಿ ಇದ್ದ. ಆದರೆ ಇಲ್ಲಿ ನೀರುಗಂಟಿಯ ಮಗನ ಹೆಸರಿನಲ್ಲಿ ನೀರುಗಂಟಿ ಉಳಿಯಲಿಲ್ಲ, ಅಲ್ಲಿ ತಳವಾರನ ಮಗನ ಹೆಸರಿನಲ್ಲಿ ತಳವಾರ ಉಳಿದ. ಕಾರಣ ಬಹುಮಟ್ಟಿಗೆ ಆಡಳಿತದ್ದು. ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರದ ಸೀಮೆಗಳು 1956ರವರೆಗೆ ಮುಂಬಯಿಯ ಆಳ್ವಿಕೆಯಲ್ಲಿದ್ದವು. ಅಲ್ಲಿನ ಶಾಲೆ, ಕಚೇರಿಗಳಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರನ್ನೂ ಬರೆಸುವ ಮರಾಠಿ ಸೀಮೆಯ ರೂಢಿ ಬೇರೂರಿತು. ಮೈಸೂರಿನಲ್ಲಿ, ಮದ್ರಾಸಿನಲ್ಲಿ ಇನಿಷಿಯಲ್ ರೂಢಿಯಾಯಿತು.

ಆನುವಂಶಿಕ ಊರ ಹುದ್ದೆಗಳನ್ನು ನಮ್ಮ ರಾಜ್ಯ 1961ರ ಕಾಯ್ದೆಯಿಂದ ರದ್ದು ಮಾಡಿತು. 1963ರ ಫೆಬ್ರುವರಿಯಿಂದ ಅದು ಜಾರಿಗೆ ಬಂತು. ಪಾಟೀಲಿಕೆ ಹೋಯಿತು, ಕುಲಕರ್ಣಿಕೆ ಹೋಯಿತು. ಹೆಸರುಗಳು ಮಾತ್ರ ಹೋಗಲಿಲ್ಲ. ಅಧಿಕಾರ ಹೋದ ಮೇಲೂ ಪಾಟೀಲನಿಗೆ ಆ ಹೆಸರಿನಿಂದ ಲಾಭವೇ. ಊರ ಕಾವಲಿಗೆ ನಿಂತು ಹೇಳಿದ್ದು ಮಾಡುತ್ತಿದ್ದ ವಾಲೀಕಾರನ ಮೊಮ್ಮಗಳು ಎಂಜಿನಿಯರಾಗಿ ಬಂದಾಗಲೂ ಅವಳ ತಾತ ಯಾರ ಮನೆ ಬಾಗಿಲಲ್ಲಿ ನಿಲ್ಲುತ್ತಿದ್ದ ಎಂಬುದನ್ನು ಗುರುತಿನ ಚೀಟಿ ಹೇಳುತ್ತಲೇ ಇರುತ್ತದೆ. ಆರ್ಥಿಕ ಇತಿಹಾಸಕಾರ ಗ್ರೆಗರಿ ಕ್ಲಾರ್ಕ್ 2014ರ ಪುಸ್ತಕವೊಂದರಲ್ಲಿ ಇಂಗ್ಲೆಂಡ್, ಸ್ವೀಡನ್, ಬಂಗಾಳದ ಅಡ್ಡಹೆಸರುಗಳ ಜಾಡು ಹಿಡಿದು, ಮೇಲಿದ್ದ ಮನೆತನಗಳು ಶತಮಾನಗಳ ನಂತರವೂ ಬಹುಮಟ್ಟಿಗೆ ಮೇಲೆಯೇ ಉಳಿಯುತ್ತವೆ ಎಂದು ವಾದಿಸಿದ್ದಾರೆ. ಅವರ ಲೆಕ್ಕಾಚಾರದ ಬಗ್ಗೆ ತಕರಾರುಗಳಿವೆ. ಆದರೆ ಅಡ್ಡಹೆಸರನ್ನು ಹಿಡಿದು ಸಮಾಜವನ್ನು ಅಳೆಯಬಹುದು ಎಂಬುದನ್ನು ನಮ್ಮ ಹಳ್ಳಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಕಸುಬಿನ ಹೆಸರು ನಾಚಿಕೆಯದು ಎಂದು ತೀರ್ಮಾನಿಸುವ ಮುನ್ನ ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ನೆನೆಯಬೇಕು. ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ಡೋಹರ ಕಕ್ಕಯ್ಯ, ಮೇದರ ಕೇತಯ್ಯ, ಹಡಪದ ಅಪ್ಪಣ್ಣ. ಶರಣರು ಕಸುಬನ್ನು ಹೆಸರಿನಿಂದ ಕಿತ್ತುಹಾಕಲಿಲ್ಲ, ಹೆಸರಿನ ಮುಂದೆಯೇ ಇಟ್ಟುಕೊಂಡು ಅದಕ್ಕೆ ಮರ್ಯಾದೆ ತಂದರು.

ತಮಿಳರು ಹಿಡಿದ ದಾರಿ ಬೇರೆ. 1929ರ ಫೆಬ್ರುವರಿಯಲ್ಲಿ ಚೆಂಗಲ್ಪಟ್ಟಿನಲ್ಲಿ ಸೇರಿದ ಸ್ವಾಭಿಮಾನ ಚಳವಳಿಯ ಸಮ್ಮೇಳನ ಜಾತಿಸೂಚಕ ಹೆಸರುಗಳನ್ನು ಬಿಡಬೇಕೆಂದು ನಿರ್ಣಯಿಸಿತು. ಅದರ ಫಲ ನಮ್ಮ ದಂಡಿನ ಪ್ರದೇಶದಲ್ಲೂ ಕಾಣುತ್ತದೆ. ಅದಕ್ಕೂ ಹಿಂದಿನ ಕ್ರಮ ತಿಳಿಯಲು ಹಲಸೂರು ಕೆರೆಯ ಬಳಿ 1873ರಲ್ಲಿ ಶುರುವಾದ ಆರ್‌ಬಿಎಎನ್‌ಎಂ ಶಾಲೆಯ ಹೆಸರನ್ನು ಬಿಡಿಸಿ ನೋಡಿ: ರಾಯ್ ಬಹದ್ದೂರ್ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್. ರಾಯ್ ಬಹದ್ದೂರ್ ಎಂಬುದು ಬ್ರಿಟಿಷರು ಕೊಟ್ಟ ಬಿರುದು. ಆರ್ಕಾಟ್ ಮನೆತನ ಹೊರಟು ಬಂದ ಸೀಮೆ. ನಾರಾಯಣಸ್ವಾಮಿ ಅವರ ಸ್ವಂತ ಹೆಸರು. ಮೊದಲಿಯಾರ್ ಸಮುದಾಯದ ಗೌರವನಾಮ. ದಂಡು ಬಂದ ಮೇಲೆ ಅದರ ಬೆನ್ನಿಗೇ ವ್ಯಾಪಾರಕ್ಕೂ ಗುತ್ತಿಗೆಗೂ ಬಂದು ನೆಲೆಸಿದ ಒಂದು ಇಡೀ ಜನವರ್ಗದ ಕಥೆ ಆ ಐದು ಅಕ್ಷರಗಳಲ್ಲಿದೆ. ಅದೇ ಹಲಸೂರಿನ ಇಂದಿನ ತಮಿಳು ಮಕ್ಕಳಲ್ಲಿ ಬಹಳ ಮಂದಿಗೆ ಅಪ್ಪನ ಹೆಸರಿನ ಒಂದಕ್ಷರ ಬಿಟ್ಟರೆ ಬೇರೇನೂ ಇಲ್ಲ. ಅವರು ಬೇಕೆಂದೇ ಬಿಟ್ಟದ್ದು ಅದು.

ಮಾರತ್ತಹಳ್ಳಿಯಿಂದ ಪೂರ್ವಕ್ಕೆ ಹೋದರೆ ವೈಟ್‌ಫೀಲ್ಡ್. ನಮ್ಮಲ್ಲಿ ಊರು ಮನುಷ್ಯನ ಹೆಸರಿಗೆ ಸೇರಿದರೆ ಅಲ್ಲಿ ಮನುಷ್ಯನ ಅಡ್ಡಹೆಸರೇ ಊರಾಗಿದೆ. ಆಂಗ್ಲೋ ಇಂಡಿಯನ್ನರಿಗೆ ನೆಲೆಯೊಂದು ಬೇಕೆಂದು ಓಡಾಡಿದ ಡಿ.ಎಸ್. ವೈಟ್ ಎಂಬವರ ಹೆಸರಿನಲ್ಲಿ, ಚಾಮರಾಜ ಒಡೆಯರು ಕೊಟ್ಟ ಭೂಮಿಯಲ್ಲಿ 1882ರಲ್ಲಿ ಆ ಊರು ಹುಟ್ಟಿತು.

ಹೆಸರನ್ನು ಓದಿ ಮನುಷ್ಯನನ್ನು ಅಳೆಯಲು ಹೊರಟವರು ಎಡವುವುದೂ ಉಂಟು. ರಸ್ತೆ ಬದಿಯ ಉಡುಪಿ ಹೋಟೆಲಿನ ಶೆಟ್ಟರು ಬಂಟರಿರಬಹುದು. ಕೋಲಾರದ ಕಡೆಯ ಶೆಟ್ಟಿ ಕೋಮಟಿಗರಿರಬಹುದು, ಬಣಜಿಗರಿರಬಹುದು, ಮೈಸೂರಿನ ಕಡೆ ಉಪ್ಪಾರರೂ ಶೆಟ್ಟರೇ. ಆ ಹೆಸರು ಹಳೆಯದು ಕೂಡ: ಕ್ರಿ.ಶ. 890ರ ಸುಮಾರಿನ ಬೇಗೂರಿನ ಶಾಸನದಲ್ಲಿ, ಬೆಂಗಳೂರಿನ ಹೆಸರು ಮೊದಲು ಕಾಣಿಸುವ ಆ ಕಲ್ಲಿನಲ್ಲಿಯೇ, ಕಾಳಗದಲ್ಲಿ ಮಡಿದ ಪೆರ್ವೊಣಸೆಟ್ಟಿ ಇದ್ದಾನೆ. ನಾಯಕ ಎಂದರೆ ಸುರಪುರದ ಬೇಡರೂ ಹೌದು, ಅಂಕೋಲೆಯ ನಾಡವರೂ ಹೌದು, ಕಾರವಾರದ ಸಾರಸ್ವತರೂ ಹೌದು, ತಾಂಡಾದ ಲಂಬಾಣಿಗರೂ ಹೌದು. ಗೌಡ ಎಂಬುದೂ ಹಾಗೆಯೇ. ಬಾಡಿಗೆ ಮನೆ ಕೇಳಲು ಬಂದವರಿಗೆ ‘ಪೂರ್ತಿ ಹೆಸರೇನು?’ ಎಂದು ಎರಡನೇ ಸಲ ಕೇಳುವ ಮಾಲೀಕರು ಈ ನಗರದಲ್ಲಿ ಇದ್ದಾರೆ. ಆ ಪ್ರಶ್ನೆ ಹೆಸರಿಗಾಗಿ ಕೇಳಿದ್ದಲ್ಲ ಎಂಬುದು ಎರಡೂ ಕಡೆಯವರಿಗೆ ಗೊತ್ತಿರುತ್ತದೆ. ಅದಕ್ಕಾಗಿಯೇ ಊರಿನ ಹೆಸರನ್ನು ಮಾತ್ರ ಮುಂದಿಟ್ಟುಕೊಂಡು ಜಾತಿ ಬಿಟ್ಟುಕೊಡದ ಹಳೇ ಮೈಸೂರಿನ ಕ್ರಮ ನನಗೆ ದೊಡ್ಡದಾಗಿ ಕಾಣುತ್ತದೆ. ದೇವನೂರ ಮಹಾದೇವ ಎಂದಾಗ ಕೇಳಿಸುವುದು ಒಂದು ಊರು, ಒಂದು ಹೆಸರು. ಅಷ್ಟು ಸಾಕು.

ಆ ಊರಿನ ಅಕ್ಷರ ಎಷ್ಟು ದೂರದ ನೆನಪು ಎಂಬುದನ್ನು ಎಂ. ವಿಶ್ವೇಶ್ವರಯ್ಯನವರ ಹೆಸರು ತೋರಿಸುತ್ತದೆ. ಅವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ. ‘ಎಂ’ ಮಾತ್ರ ಮೋಕ್ಷಗುಂಡಂ, ಹಿರಿಯರು ಬಹಳ ಹಿಂದೆ ಬಿಟ್ಟುಬಂದ ಆಂಧ್ರದ ಊರು. ಕುವೆಂಪು ಹೆಸರಿನ ‘ಕು’ ಕುಪ್ಪಳಿ, ‘ವೆಂ’ ಅಪ್ಪ ವೆಂಕಟಪ್ಪ. ಕರಾವಳಿಯವರು ಊರನ್ನು ಹೆಸರಿನ ಹಿಂದೆ ತಂದು ಅಡ್ಡಹೆಸರನ್ನೇ ಮಾಡಿಕೊಂಡರು: ಕಾರ್ನಾಡ ಮೂಲ್ಕಿಯ ಬಳಿಯ ಊರು, ಪಡುಕೋಣೆ ಕುಂದಾಪುರದ ಕಡೆಯದು, ಕುಂಬ್ಳೆ ಕಾಸರಗೋಡಿನದು. ಕೊಡವರಲ್ಲಿ ಒಕ್ಕದ, ಅಂದರೆ ಮನೆತನದ, ಹೆಸರೇ ಮೊದಲು. ಜನರಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಇಬ್ಬರೂ ಕೊಡಂದೇರ ಒಕ್ಕದವರು. 1997ರಲ್ಲಿ ಶುರುವಾದ ಕೊಡವ ಹಾಕಿ ಉತ್ಸವದಲ್ಲಿ ತಂಡಗಳು ಊರಿನ ಹೆಸರಿನಲ್ಲಿ ಆಡುವುದಿಲ್ಲ, ಒಕ್ಕದ ಹೆಸರಿನಲ್ಲಿ ಆಡುತ್ತವೆ.

ಅಮೆರಿಕದ ಸರ್ಜನ್ ಜನರಲ್ ಆಗಿದ್ದ ವಿವೇಕ್ ಮೂರ್ತಿಯವರ ಪೂರ್ತಿ ಹೆಸರು ವಿವೇಕ್ ಹಲ್ಲೆಗೆರೆ ಮೂರ್ತಿ. ಹಲ್ಲೆಗೆರೆ ಮಂಡ್ಯ ಜಿಲ್ಲೆಯ ಹಳ್ಳಿ. ‘ಮೂರ್ತಿ’ ಅವರ ತಂದೆ ಲಕ್ಷ್ಮೀನರಸಿಂಹಮೂರ್ತಿಯವರ ಹೆಸರಿನ ಬಾಲ. ಹೆಸರಿನ ತುಂಡೊಂದು ಸಮುದ್ರ ದಾಟಿ ಅಡ್ಡಹೆಸರಾಯಿತು, ಊರು ನಡುವಿನಲ್ಲಿ ಉಳಿದುಕೊಂಡಿತು. ನಾಗವಾರ ರಾಮರಾವ್ ನಾರಾಯಣ ಮೂರ್ತಿಯವರ ಮಕ್ಕಳಿಗೂ ಮೂರ್ತಿ ಎಂಬುದು ಅಡ್ಡಹೆಸರಾಗಿದೆ, ನಾಗವಾರ ಅಲ್ಲಿ ಇಲ್ಲ. ಶಿಗ್ಗಾಂವಿಯ ಸುಧಾ ಕುಲಕರ್ಣಿ ಸುಧಾ ಮೂರ್ತಿಯಾದಾಗ ತಲೆಮಾರುಗಳ ಒಂದು ಮನೆತನದ ಹೆಸರು ಹೋಗಿ ಒಬ್ಬರ ಸ್ವಂತ ಹೆಸರಿನ ಅರ್ಧ ಬಂತು. ಹೆಂಗಸರ ಹೆಸರಿನಲ್ಲಿ ಹೀಗೆ ಅಳಿಸಿ ಬರೆಯುವುದು ಹೊಸದೇನಲ್ಲ. ‘ಫಣಿಯಮ್ಮ’ ಬರೆದ ಎಂ.ಕೆ. ಇಂದಿರಾ ತರೀಕೆರೆ ಸೂರ್ಯನಾರಾಯಣರಾಯರ ಮಗಳು. ಅವರ ಇನಿಷಿಯಲ್‌ನಲ್ಲಿ ತರೀಕೆರೆಯೂ ಇಲ್ಲ, ಸೂರ್ಯನಾರಾಯಣರೂ ಇಲ್ಲ. ಮಂಡಗದ್ದೆಯೂ ಗಂಡ ಕೃಷ್ಣರಾಯರೂ ಇದ್ದಾರೆ.

ಹಿಂದೆ ಸರ್ಕಾರಗಳು ಕಾಯ್ದೆ ಮಾಡಿ ಜನಕ್ಕೆ ಅಡ್ಡಹೆಸರು ಹಚ್ಚಿದ್ದುಂಟು. ಜಪಾನ್ 1875ರಲ್ಲಿ ಎಲ್ಲರಿಗೂ ಕಡ್ಡಾಯ ಮಾಡಿತು, ಟರ್ಕಿ 1934ರಲ್ಲಿ. ನಮಗೆ ಯಾರೂ ಕಾಯ್ದೆ ಮಾಡಲಿಲ್ಲ. ವೀಸಾ ಅರ್ಜಿ ಮಾಡಿತು. ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿಲ್ಲದವರಿಗಿದ್ದ ಒಂದೇ ಹೆಸರನ್ನು ಅಮೆರಿಕದವರು ಅಡ್ಡಹೆಸರಿನ ಜಾಗಕ್ಕೆ ಹಾಕಿ, ಸ್ವಂತ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಬರೆಯುತ್ತಾರೆ. ಮೊದಲ ಹೆಸರು ತಿಳಿದಿಲ್ಲ ಎಂದು ಅದರ ಅರ್ಥ. ಹೆತ್ತವರು ತೊಟ್ಟಿಲಿಗೆ ಹಾಕಿ ಇಟ್ಟ ಹೆಸರನ್ನೇ ತಿಳಿದಿಲ್ಲ ಎನ್ನುವ ಕಾಗದ ಹಿಡಿದು ಬದುಕುವುದು ಅವಮಾನ. 2022ರ ನವೆಂಬರ್‌ನಲ್ಲಿ ಯುಎಇ ಒಂದೇ ಹೆಸರಿನ ಪಾಸ್‌ಪೋರ್ಟಿನವರಿಗೆ ಭೇಟಿ ವೀಸಾದ ಮೇಲೆ ಪ್ರವೇಶವಿಲ್ಲ ಎಂದಿತು, ಆಮೇಲೆ ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಸಾಕು ಎಂದು ಸಡಿಲಿಸಿತು. ಇಂಥ ಪಾಡು ಬೇಡವೆಂದು ಈಗಿನ ಅಪ್ಪ ಅಮ್ಮಂದಿರು ಮಗುವಿನ ಜನನ ಪತ್ರದಲ್ಲೇ ಏನಾದರೊಂದು ಅಡ್ಡಹೆಸರು ಬರೆಸಿಬಿಡುತ್ತಾರೆ. ಅವರನ್ನು ದೂರುವ ಹಾಗಿಲ್ಲ. ಆದರೆ ಏನು ಬರೆಸಬೇಕು ಎಂದು ಒಂದು ಸಂಜೆ ಕೂತು ಯೋಚಿಸಬಹುದು. ಜಾತಿಯ ಬಾಲವನ್ನು ಹೊಸದಾಗಿ ಅಂಟಿಸುವುದಕ್ಕಿಂತ ಹಿರಿಯರ ಊರಿನ ಹೆಸರು ಎಷ್ಟೋ ಮೇಲು. ಅಮ್ಮನ ಮನೆತನದ ಹೆಸರೂ ಆಗಬಹುದು. ತಂದೆ ತೀರಿಕೊಂಡ ಮೇಲೆ ತಾಯಿಯೇ ಮಗುವಿನ ಸಹಜ ಪೋಷಕಿ, ಅಡ್ಡಹೆಸರು ನಿರ್ಧರಿಸುವ ಹಕ್ಕು ಅವಳಿಗಿದೆ ಎಂದು ಸುಪ್ರೀಂ ಕೋರ್ಟು 2022ರಲ್ಲಿ ಆಂಧ್ರದ ಪ್ರಕರಣವೊಂದರಲ್ಲಿ ಹೇಳಿದೆ.

ಅರ್ಜಿಯಲ್ಲಿ ಏನೇ ಬರೆಸಿ, ಮನೆಯಲ್ಲಿ ಒಂದು ಹಾಳೆ ಬೇರೆ ಬರೆದಿಡಿ. ಅಪ್ಪನ ಅಪ್ಪ, ಅಪ್ಪನ ಅಮ್ಮ, ಅಮ್ಮನ ಅಪ್ಪ, ಅಮ್ಮನ ಅಮ್ಮ, ಈ ನಾಲ್ವರ ಇನಿಷಿಯಲ್‌ಗಳನ್ನು ಪೂರ್ತಿ ಬಿಡಿಸಿ ಬರೆಯಿರಿ. ಅಜ್ಜಿಯರ ತವರೂರು ಯಾವುದು, ಮನೆದೇವರು ಯಾವುದು, ಬೆಡಗೋ ಬಳಿಯೋ ಯಾವುದು, ಊರಲ್ಲಿ ಯಾವ ಮನೆಯವರು ಎನ್ನುತ್ತಿದ್ದರು ಎಂಬುದನ್ನು ಕೇಳಿ ಸೇರಿಸಿ. ವಂಶವೃಕ್ಷ ಮಾಡಿಸಿದ್ದರೆ ಅದರ ಒಂದು ಪ್ರತಿ ಲಗತ್ತಿಸಿ. ಇದನ್ನು ಹೇಳಬಲ್ಲ ಹಿರಿಯರು ಮನೆಯಲ್ಲಿರುವಾಗಲೇ, ಈ ಭಾನುವಾರವೇ ಕೇಳಿ ಬರೆದುಕೊಳ್ಳಿ.